ಕಣ ಎಷ್ಟು, ಪ್ರತಿಕಣ ಎಷ್ಟು: ಈ ಲೆಕ್ಕ ಹಾಕೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ತುಂಬಾ ಜನ ಕೇಳಿರೋದು ಒಂದೇ ಸುದ್ದಿ ಬಗ್ಗೆ. ಜಿನೀವಾ ಹತ್ರ ಇರೋ ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದವರು (ಪ್ರೋಟಾನ್‌ಗಳನ್ನ ಡಿಕ್ಕಿ ಹೊಡೆಸಿದಾಗ ಹುಟ್ಟೋ ಕಣಗಳನ್ನ ಅಳೆಯೋರು) 2025ರಲ್ಲಿ ಬೇರಿಯಾನ್ ಅನ್ನೋ ಜಾತಿಯ (ಪ್ರೋಟಾನ್, ನ್ಯೂಟ್ರಾನ್ ಕೂಡ ಇದೇ ಜಾತಿ) ಕಣದಲ್ಲಿ ಮೊದಲ ಸಲ ಮ್ಯಾಟರ್‌ಗೂ ಆಂಟಿಮ್ಯಾಟರ್‌ಗೂ (ಅಂದ್ರೆ ಕಣಕ್ಕೂ ಪ್ರತಿಕಣಕ್ಕೂ) ವ್ಯತ್ಯಾಸ ಕಂಡ್ವಿ ಅಂತ ಹೇಳಿದ್ರಲ್ಲ, ಅದು. ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇಡೀ ಅಂಕಣ ಇದಕ್ಕೇ ಬಿಟ್ಟಿದ್ದೀನಿ.

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ. ಕಣ ಮತ್ತು ಪ್ರತಿಕಣ ಎಲ್ಲದ್ರಲ್ಲೂ ಒಂದೇ ಥರ, ಚಾರ್ಜ್ ಮಾತ್ರ ಉಲ್ಟಾ ಅಂತ ಓದಿದೀನಿ. ಹಾಗಾದ್ರೆ ಇವ್ರು ಕಂಡುಹಿಡಿದ ವ್ಯತ್ಯಾಸ ಯಾವುದ್ರಲ್ಲಿ? ತೂಕದಲ್ಲಾ?
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ತೂಕದಲ್ಲಲ್ಲ. ಪ್ರತಿಕಣದ ತೂಕ ಕಣದಷ್ಟೇ ಇರತ್ತೆ, ಆಯಸ್ಸೂ ಅಷ್ಟೇ, ನೀವು ಓದಿರೋದು ಸರಿಯಾಗೇ ಇದೆ. ವ್ಯತ್ಯಾಸ ಇರೋದು ಅವು ಸಾಯೋ ರೀತಿಯಲ್ಲಿ. ಭಾರವಾದ ಕಣ ಹೆಚ್ಚು ಹೊತ್ತು ಬಾಳಲ್ಲ, ಒಡೆದು ಹಗುರವಾದ ಬೇರೆ ಕಣಗಳಾಗತ್ತೆ, ಇದಕ್ಕೆ ಕ್ಷಯ ಅಥವಾ ಡಿಕೇ ಅಂತೀವಿ. ಒಂದೇ ಕಣ ಒಡೆಯೋಕೆ ನೂರಾರು ದಾರಿ ಇರಬಹುದು. ಕಣ ಒಂದು ದಾರಿಯನ್ನ ನೂರರಲ್ಲಿ ಎಷ್ಟು ಸಲ ಹಿಡಿಯತ್ತೋ ಪ್ರತಿಕಣ ಅದರ ಕನ್ನಡಿ ದಾರಿಯನ್ನ ಅಷ್ಟೇ ಸಲ ಹಿಡಿಯತ್ತಾ ಅನ್ನೋದೇ ಪ್ರಶ್ನೆ. ಒಟ್ಟು ಆಯಸ್ಸು ಒಂದೇ ಇದ್ರೂ ಒಂದೊಂದು ದಾರಿಯ ಪಾಲು ಹೆಚ್ಚುಕಮ್ಮಿ ಆಗಬಹುದು.

ಸುದ್ದಿಯಲ್ಲಿರೋ ಕಣದ ಹೆಸರು ಲ್ಯಾಂಬ್ಡಾ-ಬಿ. ಇದ್ರಲ್ಲಿ ಅಪ್, ಡೌನ್, ಬಾಟಮ್ ಅನ್ನೋ ಮೂರು ಕ್ವಾರ್ಕ್ (ಪ್ರೋಟಾನಿನಂಥ ಕಣಗಳ ಒಳಗಿರೋ ಇನ್ನೂ ಮೂಲದ ಕಣ) ಇವೆ, ತೂಕ ಪ್ರೋಟಾನಿನ ಆರರಷ್ಟು, ಆಯಸ್ಸು ಒಂದು ಸೆಕೆಂಡನ್ನ ಲಕ್ಷ ಕೋಟಿ ಭಾಗ ಮಾಡಿದ್ರೆ ಅದ್ರಲ್ಲಿ ಒಂದೂವರೆ ಭಾಗ. ಇದು ಒಡೆದಾಗ ಅಪರೂಪಕ್ಕೆ ಒಂದು ಪ್ರೋಟಾನ್, ಒಂದು ನೆಗೆಟಿವ್ ಕೇಯಾನ್, ಒಂದು ಪಾಸಿಟಿವ್ ಪಯಾನ್, ಒಂದು ನೆಗೆಟಿವ್ ಪಯಾನ್ ಹೀಗೆ ನಾಲ್ಕು ಬರತ್ತೆ (ಕೇಯಾನ್, ಪಯಾನ್ ಎರಡೂ ಪ್ರೋಟಾನಿಗಿಂತ ಹಗುರವಾದ ಕಣಗಳು). ಪ್ರತಿಕಣ ಒಡೆದ್ರೆ ಎಲ್ಲದರ ಉಲ್ಟಾ, ಅಂದ್ರೆ ಆಂಟಿಪ್ರೋಟಾನ್, ಪಾಸಿಟಿವ್ ಕೇಯಾನ್ ಇತ್ಯಾದಿ. 2011ರಿಂದ 2018ರ ತನಕ ಕೂಡಿಸಿದ ಡೇಟಾದಲ್ಲಿ ಇಂಥ 80 ಸಾವಿರಕ್ಕೂ ಹೆಚ್ಚು ಡಿಕೇ ಹೆಕ್ಕಿ ಎರಡು ಗುಂಪು ಮಾಡಿ ಎಣಿಸಿದ್ರು. ಯಂತ್ರದ ತಪ್ಪುಗಳನ್ನೆಲ್ಲ ತೆಗೆದಮೇಲೆ ಉಳಿದ ವ್ಯತ್ಯಾಸ 2.45 ಪರ್ಸೆಂಟ್, ಹೆಚ್ಚುಕಮ್ಮಿ ಅರ್ಧ ಪರ್ಸೆಂಟ್ ಅನಿಶ್ಚಿತತೆ. ಅಂದ್ರೆ ನೂರು ಡಿಕೇ ತಗೊಂಡ್ರೆ 51 ಕಣದ್ದು, 49 ಪ್ರತಿಕಣದ್ದು, ಅಷ್ಟೇ. ಈ ಥರ ವ್ಯತ್ಯಾಸಕ್ಕೆ ಸಿಪಿ ವಯೋಲೇಶನ್ ಅಂತ ಹೆಸರು, ಚಾರ್ಜನ್ನೂ ಬದಲಾಯಿಸಿ ಎಡಬಲವನ್ನೂ ಬದಲಾಯಿಸಿದ್ರೂ ಪ್ರಕೃತಿ ಮೊದಲಿನ ಥರಾನೇ ನಡ್ಕೊಳಲ್ಲ ಅಂತ ಅದರ ಅರ್ಥ.

ಇದಕ್ಕೆ ಯಾಕಿಷ್ಟು ಸಂಭ್ರಮ ಅಂದ್ರೆ, ಇದಕ್ಕೂ ಮೊದಲು ಕಂಡಿದ್ದೆಲ್ಲ ಮೆಸಾನ್‌ಗಳಲ್ಲಿ, ಅಂದ್ರೆ ಒಂದು ಕ್ವಾರ್ಕ್ ಒಂದು ಆಂಟಿಕ್ವಾರ್ಕ್ ಸೇರಿದ ಕಣಗಳಲ್ಲಿ. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಕ್ರೋನಿನ್ ಮತ್ತು ಫಿಚ್ ತಂಡ ಕೇಯಾನ್‌ನಲ್ಲಿ ನೋಡಿದ್ರು, ಎರಡು ಪಯಾನ್ ಆಗಿ ಒಡೀಲೇಬಾರದು ಅಂದ್ಕೊಂಡಿದ್ದ ಕಣ ಐನೂರರಲ್ಲಿ ಒಂದು ಸಲ ಒಡೀತಿತ್ತು, ಅದಕ್ಕೆ 1980ರಲ್ಲಿ ನೊಬೆಲ್ ಬಂತು. 2001ರಲ್ಲಿ ಬಾಟಮ್ ಕ್ವಾರ್ಕ್ ಇರೋ ಬಿ ಮೆಸಾನ್, 2019ರಲ್ಲಿ ಚಾರ್ಮ್ ಕ್ವಾರ್ಕ್ ಇರೋ ಡಿ ಮೆಸಾನ್. ಆದ್ರೆ ನೀವು ನಾನು ಬೆಟ್ಟ ಗುಡ್ಡ ಎಲ್ಲಾ ಆಗಿರೋದು ಪ್ರೋಟಾನ್ ನ್ಯೂಟ್ರಾನ್‌ನಿಂದ, ಅವು ಮೂರು ಕ್ವಾರ್ಕಿನ ಬೇರಿಯಾನ್‌ಗಳು, ಆ ಮನೆತನದಲ್ಲಿ ಮಾತ್ರ ಅರವತ್ತು ವರ್ಷ ಹುಡುಕಿದ್ರೂ ಪಕ್ಕಾ ಆಗಿ ಸಿಕ್ಕಿರಲಿಲ್ಲ.

ಪ್ರಶ್ನೆ: ಯಂತ್ರ ಪೂರ್ತಿ ಮ್ಯಾಟರ್‌ನಿಂದ ಮಾಡಿದ್ದು, ಡಿಕ್ಕಿ ಹೊಡೆಸೋದೂ ಪ್ರೋಟಾನ್‌ಗೆ ಪ್ರೋಟಾನ್. ಅಂದಮೇಲೆ ಎರಡು ಪರ್ಸೆಂಟ್ ವ್ಯತ್ಯಾಸ ಪ್ರಕೃತಿಯದ್ದೇ, ಯಂತ್ರದ್ದಲ್ಲ ಅಂತ ಹೇಗೆ ನಂಬೋದು? ತರಗತಿಯಲ್ಲಿ ಹುಡುಗನೊಬ್ಬ ಕೇಳಿದ, ಉತ್ತರ ಕೊಡೋಕಾಗಲಿಲ್ಲ.
(ಭೌತಶಾಸ್ತ್ರ ಉಪನ್ಯಾಸಕರು, ಧಾರವಾಡ)

ಉತ್ತರ: ಆ ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ ಮೇಷ್ಟ್ರೇ. ಈ ಕೆಲಸದಲ್ಲಿ ಇರೋರು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳೋದು ಇದೊಂದಕ್ಕೇ. ಎಣಿಸೋದು ಕಂಪ್ಯೂಟರ್ ಮಾಡತ್ತೆ, ಎಣಿಕೆಯಲ್ಲಿ ಸೇರ್ಕೊಂಡ ಸುಳ್ಳು ವ್ಯತ್ಯಾಸವನ್ನ ಸೋಸಿ ತೆಗೆಯೋದೇ ನಿಜವಾದ ಪ್ರಯೋಗ.

ಸುಳ್ಳು ಎಲ್ಲೆಲ್ಲಿಂದ ಬರತ್ತೆ ನೋಡಿ. ಮೊದಲನೇದು ಹುಟ್ಟಿನಲ್ಲೇ. ಪ್ರೋಟಾನ್ ಒಳಗೆ ಎರಡು ಅಪ್ ಒಂದು ಡೌನ್ ಕ್ವಾರ್ಕ್ ಮೊದಲೇ ರೆಡಿ ಇವೆ, ಡಿಕ್ಕಿಯಲ್ಲಿ ಹುಟ್ಟಿದ ಬಾಟಮ್ ಕ್ವಾರ್ಕಿಗೆ ಪಕ್ಕದಲ್ಲೇ ಅಪ್ಪೂ ಡೌನೂ ಸಿಕ್ಕಿಬಿಡತ್ತೆ, ಲ್ಯಾಂಬ್ಡಾ-ಬಿ ಆಗೋದು ಸುಲಭ. ಆಂಟಿಬಾಟಮ್‌ಗೆ ಬೇಕಾದ ಆಂಟಿಅಪ್ ಆಂಟಿಡೌನ್ ಹಾಗೆ ರೆಡಿ ಇರಲ್ಲ. ಹಾಗಾಗಿ ಒಡೆಯೋ ಮಾತು ಬರೋಕೆ ಮುಂಚೇನೇ ಹುಟ್ಟೋ ಸಂಖ್ಯೆಯಲ್ಲೇ ಸಣ್ಣ ವ್ಯತ್ಯಾಸ ಇರತ್ತೆ. ಎರಡನೇದು ಡಿಟೆಕ್ಟರ್ ಒಳಗೆ. ನೆಗೆಟಿವ್ ಕೇಯಾನ್ ಲೋಹ ಸಿಲಿಕಾನ್ ಇಂಥದ್ರ ಪರಮಾಣು ಬೀಜಕ್ಕೆ ತಗುಲಿ ದಾರಿಯಲ್ಲೇ ಕಳೆದುಹೋಗೋದು ಪಾಸಿಟಿವ್ ಕೇಯಾನ್‌ಗಿಂತ ಜಾಸ್ತಿ, ಯಾಕಂದ್ರೆ ನೆಗೆಟಿವ್‌ನಲ್ಲಿರೋ ಆಂಟಿಅಪ್ ಕ್ವಾರ್ಕಿಗೆ ಜೊತೆ ಸೇರಿ ನಾಶವಾಗೋಕೆ ಆ ಬೀಜದ ತುಂಬಾ ಅಪ್ ಕ್ವಾರ್ಕ್‌ಗಳಿವೆ. ಆಂಟಿಪ್ರೋಟಾನ್ ಪಾಡೂ ಇದೇ, ಪ್ರೋಟಾನ್‌ಗಿಂತ ಬೇಗ ಕಳೆದುಹೋಗತ್ತೆ. ಮೂರನೇದು ಯಂತ್ರದ ಎಡಬಲ. ದೊಡ್ಡ ಮ್ಯಾಗ್ನೆಟ್ ಪಾಸಿಟಿವ್ ಕಣವನ್ನ ಒಂದು ಕಡೆ ಬಾಗಿಸತ್ತೆ, ನೆಗೆಟಿವನ್ನ ಇನ್ನೊಂದು ಕಡೆ. ಎಡಗಡೆ ಒಂದೆರಡು ಚಾನೆಲ್ ಸತ್ತಿದ್ರೆ ಅಥವಾ ಯಾವ್ದೋ ಒಂದು ಪದರ ಕೂದಲೆಳೆಯಷ್ಟು ಸರಿದಿದ್ರೆ ಸಾಕು, ಒಂದು ಚಾರ್ಜಿನ ಕಣಗಳು ಕಮ್ಮಿ ಎಣಿಕೆಗೆ ಬರ್ತವೆ.

ಈ ಮೂರನೇ ತೊಂದರೆಗೆ ಮದ್ದು ತುಂಬಾ ಹಳೇದು. ಅಂಗಡಿ ತಕ್ಕಡಿ ಮೇಲೆ ಅನುಮಾನ ಬಂದ್ರೆ ಬಟ್ಟನ್ನೂ ಸಾಮಾನನ್ನೂ ತಟ್ಟೆ ಅದಲುಬದಲು ಮಾಡಿ ಇನ್ನೊಂದು ಸಲ ತೂಗಿಸ್ತೀವಲ್ಲ, ಅದನ್ನೇ ಮಾಡ್ತಾರೆ. ಎಲ್‌ಎಚ್‌ಸಿಬಿಯ ಮ್ಯಾಗ್ನೆಟ್‌ನ ದಿಕ್ಕನ್ನ ಆಗಾಗ ಉಲ್ಟಾ ಮಾಡ್ತಾರೆ. ಆಗ ಎಡಕ್ಕೆ ಹೋಗ್ತಿದ್ದ ಕಣ ಬಲಕ್ಕೆ ಹೋಗತ್ತೆ. ಎರಡೂ ಥರದ ಡೇಟಾ ಸೇರಿಸಿದ್ರೆ ಎಡಬಲದ ಸುಳ್ಳು ಬಹುಪಾಲು ತಾನಾಗೇ ಹೊಡೆದುಹೋಗತ್ತೆ, ಬೇರೆ ಬೇರೆ ನೋಡಿದ್ರೆ ಎಷ್ಟು ಸುಳ್ಳಿತ್ತು ಅನ್ನೋದೂ ಗೊತ್ತಾಗತ್ತೆ.

ಮೊದಲೆರಡಕ್ಕೆ ಮ್ಯಾಗ್ನೆಟ್ ತಿರುಗಿಸಿ ಪ್ರಯೋಜನ ಇಲ್ಲ, ಅದಕ್ಕೆ ಮಾಡಿರೋ ಉಪಾಯ ನನಗಂತೂ ಈ ಇಡೀ ಕೆಲಸದಲ್ಲೇ ತುಂಬಾ ಇಷ್ಟ. ಲ್ಯಾಂಬ್ಡಾ-ಬಿ ಇನ್ನೊಂದು ದಾರಿಯಲ್ಲೂ ಒಡೆಯತ್ತೆ, ಮೊದಲು ಬಾಟಮ್ ಬದಲು ಚಾರ್ಮ್ ಕ್ವಾರ್ಕ್ ಇರೋ ಲ್ಯಾಂಬ್ಡಾ-ಸಿ ಮತ್ತು ಒಂದು ನೆಗೆಟಿವ್ ಪಯಾನ್ ಆಗತ್ತೆ, ಆಮೇಲೆ ಆ ಲ್ಯಾಂಬ್ಡಾ-ಸಿ ಒಡೆದು ಪ್ರೋಟಾನ್, ನೆಗೆಟಿವ್ ಕೇಯಾನ್, ಪಾಸಿಟಿವ್ ಪಯಾನ್ ಆಗತ್ತೆ. ಕೊನೆಗೆ ಡಿಟೆಕ್ಟರಿಗೆ ಸಿಗೋ ಕಣಗಳು ಯಾವುವು ಕೂಡಿಸಿ ನೋಡಿ: ಅದೇ ಪ್ರೋಟಾನ್, ಅದೇ ಕೇಯಾನ್, ಅದೇ ಎರಡು ಪಯಾನ್! ಹುಟ್ಟಿದ ತಾಯಿ ಕಣವೂ ಒಂದೇ. ಅಂದ್ರೆ ಹುಟ್ಟಿನ ಸುಳ್ಳು, ಡಿಟೆಕ್ಟರಿನ ಸುಳ್ಳು ಎರಡೂ ಎರಡು ದಾರಿಗೂ ಹೆಚ್ಚುಕಮ್ಮಿ ಒಂದೇ. ಆದ್ರೆ ಈ ಎರಡನೇ ದಾರಿಯಲ್ಲಿ ಸಿಪಿ ವಯೋಲೇಶನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಅಂತ ಥಿಯರಿಯಿಂದ ಗೊತ್ತು. ಹಾಗಾಗಿ ಇಲ್ಲಿ ಕಾಣೋ ವ್ಯತ್ಯಾಸ ಪೂರ್ತಿ ಸುಳ್ಳಿನದ್ದೇ, ಅದನ್ನ ಮೊದಲ ದಾರಿಯ ವ್ಯತ್ಯಾಸದಿಂದ ಕಳೆದ್ರೆ ಉಳಿಯೋದು ಪ್ರಕೃತಿಯದ್ದು. ಎರಡು ದಾರಿಯ ಕಣಗಳ ವೇಗದಲ್ಲಿ ಇರೋ ಸಣ್ಣಪುಟ್ಟ ವ್ಯತ್ಯಾಸಕ್ಕೆ ಇನ್ನೊಂದಿಷ್ಟು ತಿದ್ದುಪಡಿ ಮಾಡ್ತಾರೆ. ಇಷ್ಟೆಲ್ಲಾ ಆದ್ಮೇಲೆ ಈ ಥರದ ದೋಷ 0.1 ಪರ್ಸೆಂಟ್ ಆಸುಪಾಸಿಗೆ ಇಳಿದಿತ್ತು, ಎಣಿಕೆಯ ಸಹಜ ಏರುಪೇರಿನಿಂದ ಬರೋ ದೋಷ 0.46 ಪರ್ಸೆಂಟ್.

ಒಟ್ಟು ಲೆಕ್ಕ 5.2 ಸಿಗ್ಮಾ, ಅಂದ್ರೆ ವ್ಯತ್ಯಾಸ ಅದರ ಅನಿಶ್ಚಿತತೆಯ 5.2 ಪಟ್ಟು. ಈ ಕ್ಷೇತ್ರದಲ್ಲಿ 5 ದಾಟದೆ ಕಂಡುಹಿಡಿದ್ವಿ ಅನ್ನೋ ಹಾಗಿಲ್ಲ, 5 ಅಂದ್ರೆ ನಿಜವಾದ ವ್ಯತ್ಯಾಸ ಏನೂ ಇಲ್ಲದೇನೇ ಬರೀ ಆಕಸ್ಮಿಕದಿಂದ ಅಷ್ಟು ದೊಡ್ಡ ಏರುಪೇರು ಕಾಣೋ ಸಂಭವ ಸುಮಾರು 35 ಲಕ್ಷದಲ್ಲಿ ಒಂದು. ಇನ್ನೊಂದು ವಿಷಯ ಹುಡುಗರಿಗೆ ಹೇಳಿ, ಇಂಥ ಅಳತೆಗಳಲ್ಲಿ ಎಲ್ಲ ವಿಧಾನ ಪಕ್ಕಾ ಆಗೋ ತನಕ ಉತ್ತರವನ್ನ ತಮ್ಮಿಂದಲೇ ಮುಚ್ಚಿಟ್ಕೊಳ್ಳೋ ಪದ್ಧತಿ ಇದೆ, ಬೇಕಾದ ಉತ್ತರ ಬರೋ ಹಾಗೆ ಗೊತ್ತಿಲ್ದೇ ಲೆಕ್ಕ ತಿದ್ದಿಬಿಡೋದು ಮನುಷ್ಯರ ಸಹಜ ಗುಣ ಅಂತ.

ಪ್ರಶ್ನೆ: ಪ್ರೋಟಾನ್ ಡಿಕ್ಕಿಯಲ್ಲಿ ಇಷ್ಟು ತಾಪತ್ರಯ ಇದ್ರೆ ಮ್ಯಾಟರ್, ಆಂಟಿಮ್ಯಾಟರ್ ಸಮ ಇರೋ ಕಿರಣಗಳನ್ನೇ ಡಿಕ್ಕಿ ಹೊಡೆಸಬಹುದಲ್ವಾ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ಅದನ್ನ ಮಾಡಿದ್ದಾರೆ, ಈಗಲೂ ಮಾಡ್ತಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್‌ನಲ್ಲಿ ಬಾಬಾರ್, ಜಪಾನಿನ ತ್ಸುಕುಬಾದ ಕೆಇಕೆಯಲ್ಲಿ ಬೆಲ್ ಅಂತ ಎರಡು ಪ್ರಯೋಗ ಇದ್ವು, ಎಲೆಕ್ಟ್ರಾನ್ ಒಂದು ಕಡೆಯಿಂದ, ಅದರ ಪ್ರತಿಕಣ ಪಾಸಿಟ್ರಾನ್ ಇನ್ನೊಂದು ಕಡೆಯಿಂದ. ಡಿಕ್ಕಿಯ ಶಕ್ತಿಯನ್ನ ಸರಿಯಾಗಿ 10.58 ಜಿಇವಿಗೆ (ಕಣಗಳ ಶಕ್ತಿ ಅಳೆಯೋ ಮಾನ) ಇಟ್ರೆ ಒಂದು ಬಿ ಮತ್ತು ಒಂದು ಆಂಟಿ-ಬಿ ಜೋಡಿಯಾಗಿ ಹುಟ್ಟತ್ತೆ, ಹುಟ್ಟಿನ ಅಸಮಾನತೆ ತೊಂದರೆ ಇಲ್ಲ.

ಲೆಕ್ಕದ ಮನುಷ್ಯರು ನೀವು, ಒಂದು ಉದಾಹರಣೆ ಕೊಡ್ತೀನಿ. 2004ರಲ್ಲಿ ಬಾಬಾರ್‌ನವರು 22 ಕೋಟಿಗೂ ಹೆಚ್ಚು ಜೋಡಿಗಳಲ್ಲಿ ಹುಡುಕಿದಾಗ ಬಿ ಮೆಸಾನ್ ಒಡೆದು ಪಾಸಿಟಿವ್ ಕೇಯಾನ್, ನೆಗೆಟಿವ್ ಪಯಾನ್ ಆಗಿದ್ದು 910 ಸಲ, ಆಂಟಿ-ಬಿ ಒಡೆದು ಅದರ ಉಲ್ಟಾ ಆಗಿದ್ದು 696 ಸಲ. ವ್ಯತ್ಯಾಸ 214, ಒಟ್ಟು 1606, ಭಾಗಿಸಿದ್ರೆ 13 ಪರ್ಸೆಂಟ್ ಚಿಲ್ಲರೆ. ಎಣಿಕೆಯ ಸಹಜ ಏರುಪೇರು ಅಂದಾಜು ಮಾಡೋಕೆ ಒಂದನ್ನ ಒಟ್ಟು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ, ಎರಡೂವರೆ ಪರ್ಸೆಂಟ್ ಬರತ್ತೆ, ಬೇರೆ ಡಿಕೇಗಳ ಕಸ ಒಳಗೆ ಸೇರಿರೋದ್ರಿಂದ ನಿಜವಾದ ದೋಷ 3 ಪರ್ಸೆಂಟ್ ಅಂತ ಅವ್ರು ಕೊಟ್ರು. 22 ಕೋಟಿಯಲ್ಲಿ ಬರೀ 1606 ಅನ್ನೋದನ್ನ ಗಮನಿಸಿ, ಈ ಅಪರೂಪದಿಂದಾನೇ ವರ್ಷಗಟ್ಟಲೆ ಯಂತ್ರ ಓಡಿಸಬೇಕಾಗೋದು.

ಅದಕ್ಕೂ ಮೊದಲು 2001ರಲ್ಲಿ ಈ ಎರಡೂ ಪ್ರಯೋಗ ಬಿ ಮೆಸಾನ್‌ನಲ್ಲಿ ಸಿಪಿ ವಯೋಲೇಶನ್ ತೋರಿಸಿದ ರೀತಿ ಇನ್ನೂ ಚೆಂದ. ಬಿ ಮೆಸಾನ್ ಬದುಕಿರೋವಾಗಲೇ ಆಂಟಿ-ಬಿ ಆಗಿ ಬದಲಾಗಬಹುದು, ವಾಪಸ್ಸೂ ಆಗಬಹುದು. (ಅದರ ಸೋದರ ಬಿ-ಎಸ್ ಅನ್ನೋದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕೋಟಿ ಸಲ ಹೀಗೆ ಮಗ್ಗುಲು ಬದಲಾಯಿಸತ್ತೆ, ಅದನ್ನೂ ಅಳೆದಿದ್ದಾರೆ.) ಜೋಡಿಯಲ್ಲಿ ಒಂದು ಒಡೆದ ಕ್ಷಣಕ್ಕೆ ಅದು ಬಿ ಅಂತ ಗೊತ್ತಾದ್ರೆ ಆ ಕ್ಷಣಕ್ಕೆ ಇನ್ನೊಂದು ಆಂಟಿ-ಬಿ ಅಂತ ಖಾತ್ರಿ, ಅಲ್ಲಿಂದ ಎಷ್ಟು ಹೊತ್ತಿಗೆ ಎರಡನೇದು ಒಡೀತು ಅಂತ ಅಳೀಬೇಕು. ಆದ್ರೆ ಅಷ್ಟು ಚಿಕ್ಕ ಹೊತ್ತನ್ನ ಅಳೆಯೋ ಗಡಿಯಾರ ಎಲ್ಲಿ ತರೋದು? ಅದಕ್ಕೇ ಎರಡು ಕಿರಣದ ಶಕ್ತಿಯನ್ನ ಬೇಕಂತಲೇ ಅಸಮ ಇಟ್ರು, ಸ್ಲ್ಯಾಕ್‌ನಲ್ಲಿ ಎಲೆಕ್ಟ್ರಾನ್ 9 ಜಿಇವಿ, ಪಾಸಿಟ್ರಾನ್ 3.1. ಆಗ ಹುಟ್ಟಿದ ಜೋಡಿ ನಿಂತಲ್ಲೇ ನಿಲ್ಲದೆ ಮುಂದಕ್ಕೆ ಓಡತ್ತೆ, ಎರಡೂ ಒಡೆದ ಜಾಗದ ನಡುವೆ ಕಾಲು ಮಿಲಿಮೀಟರ್ ಆಸುಪಾಸಿನ ದೂರ ಬೀಳತ್ತೆ. ಹೊತ್ತಿನ ಬದಲು ದೂರ ಅಳೆದ್ರು, ಬಿ ಆಗಿ ಶುರುವಾದವೂ ಆಂಟಿ-ಬಿ ಆಗಿ ಶುರುವಾದವೂ ಹೊತ್ತು ಕಳೆದ ಹಾಗೆ ಒಂದೇ ಥರ ಒಡೀತವಾ ಅಂತ ಹೋಲಿಸಿದ್ರು. ಎಲ್‌ಎಚ್‌ಸಿಬಿಯಲ್ಲಿ ಕಣಗಳ ವೇಗ ಇನ್ನೂ ಹೆಚ್ಚು, ಅಲ್ಲಿ ಬಾಟಮ್ ಇರೋ ಕಣ ಸುಮಾರು ಒಂದು ಸೆಂಟಿಮೀಟರ್ ಹಾರಿ ಒಡೆಯತ್ತೆ, ಅದನ್ನ ನೋಡೋಕೆ ಸಿಲಿಕಾನ್ ಪಟ್ಟಿಗಳನ್ನ ಕಿರಣದಿಂದ ಕೆಲವೇ ಮಿಲಿಮೀಟರ್ ಹತ್ತಿರಕ್ಕೆ ತರ್ತಾರೆ, ಕಿರಣ ತುಂಬೋವಾಗ ದೂರ ಸರಿಸಿ ಅದು ಸ್ಥಿರವಾದ ಮೇಲೆ ಮತ್ತೆ ಹತ್ತಿರ ತರ್ತಾರೆ.

ಪ್ರಶ್ನೆ: ಒಂದೇ ನಿಯಮ ಇರೋವಾಗ ವ್ಯತ್ಯಾಸ ಹುಟ್ಟೋದಾದ್ರೂ ಹೇಗೆ?
(ಎಂಎಸ್ಸಿ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಒಂದೇ ಕೊನೆಗೆ ಮುಟ್ಟಿಸೋ ಎರಡು ಕ್ವಾಂಟಮ್ ದಾರಿ ಇರಬೇಕು, ಅವು ಅಲೆಗಳ ಥರ ಒಂದರ ಮೇಲೊಂದು ಕೂಡಬೇಕು. ಎರಡು ದಾರಿಯ ನಡುವಿನ ಫೇಸ್ (ಅಲೆ ಏರಿಳಿತದ ಯಾವ ಹಂತದಲ್ಲಿದೆ ಅನ್ನೋದು) ವ್ಯತ್ಯಾಸದಲ್ಲಿ ಎರಡು ಭಾಗ ಇರತ್ತೆ. ಒಂದು ಕ್ವಾರ್ಕಿನ ಜಾತಿ ಬದಲಾಯಿಸೋ ವೀಕ್ ಬಲದಿಂದ ಬರೋದು, ಪ್ರತಿಕಣಕ್ಕೆ ಹೋದಾಗ ಅದರ ಚಿಹ್ನೆ ಉಲ್ಟಾ ಆಗತ್ತೆ. ಇನ್ನೊಂದು ಕ್ವಾರ್ಕ್‌ಗಳನ್ನ ಒಟ್ಟಿಗೆ ಹಿಡಿದಿಡೋ ಸ್ಟ್ರಾಂಗ್ ಬಲದಿಂದ ಬರೋದು, ಅದು ಬದಲಾಗಲ್ಲ. ಎರಡೂ ಇದ್ರೆ ಮಾತ್ರ ಕಣದಲ್ಲಿ ಅಲೆಗಳು ಸ್ವಲ್ಪ ಜಾಸ್ತಿ ಕೂಡಿ ಪ್ರತಿಕಣದಲ್ಲಿ ಸ್ವಲ್ಪ ಕಮ್ಮಿ ಕೂಡ್ತವೆ, ಒಂದೇ ಇದ್ರೆ ಎಣಿಕೆಯಲ್ಲಿ ಏನೂ ಕಾಣಲ್ಲ. ಆ ಚಿಹ್ನೆ ಬದಲಾಗೋ ಫೇಸ್ ಎಲ್ಲಿಂದ ಬರತ್ತೆ ಅಂತ 1973ರಲ್ಲಿ ಕೊಬಯಾಶಿ ಮತ್ತು ಮಸ್ಕಾವಾ ತೋರಿಸಿದ್ರು, ಕ್ವಾರ್ಕ್‌ಗಳಲ್ಲಿ ಕನಿಷ್ಠ ಮೂರು ಪೀಳಿಗೆ ಅಂದ್ರೆ ಆರು ಕ್ವಾರ್ಕ್ ಇದ್ರೆ ಮಾತ್ರ ಇಂಥ ಫೇಸ್‌ಗೆ ಜಾಗ ಇರತ್ತೆ ಅಂತ. ಆಗ ಗೊತ್ತಿದ್ದಿದ್ದು ಮೂರೇ ಕ್ವಾರ್ಕ್! ಚಾರ್ಮ್ ಸಿಕ್ಕಿದ್ದು 1974, ಬಾಟಮ್ 1977, ಟಾಪ್ 1995. ಬಾಬಾರ್, ಬೆಲ್ ಅಳತೆಗಳು ಅವರ ಲೆಕ್ಕಕ್ಕೆ ಹೊಂದಿದ ಮೇಲೆ 2008ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಲ್ಯಾಂಬ್ಡಾ-ಬಿ ವಿಷಯದಲ್ಲಿ ನಿಮಗೆ ಇಷ್ಟ ಆಗೋ ಮಾತು ಇನ್ನೊಂದಿದೆ. ಒಡೆದು ಬಂದ ನಾಲ್ಕು ಕಣಗಳಲ್ಲಿ ಪ್ರೋಟಾನ್ ಮತ್ತೆ ಎರಡು ಪಯಾನ್ ಒಂದು ಕ್ಷಣಿಕ ಕಣದಿಂದ ಬಂದಿರೋ ಭಾಗವನ್ನಷ್ಟೇ ಬೇರೆ ಮಾಡಿ ನೋಡಿದ್ರೆ ವ್ಯತ್ಯಾಸ 5.4 ಪರ್ಸೆಂಟಿಗೆ ಏರತ್ತೆ. ನಾಲ್ಕು ಕಣ ಶಕ್ತಿಯನ್ನ ಹೇಗೆ ಹಂಚ್ಕೊಂಡಿವೆ ಅನ್ನೋದರ ಮೇಲೆ ಸ್ಟ್ರಾಂಗ್ ಫೇಸ್ ಬದಲಾಗತ್ತೆ, ಒಟ್ಟು ಕೂಡಿಸಿದ್ರೆ ಒಂದು ಕಡೆಯ ಜಾಸ್ತಿ ಇನ್ನೊಂದು ಕಡೆಯ ಕಮ್ಮಿಯನ್ನ ಮುಚ್ಚಿಬಿಡತ್ತೆ.

ಪ್ರಶ್ನೆ: ಹಾಗಾದ್ರೆ ವಿಶ್ವದಲ್ಲಿ ಮ್ಯಾಟರ್ ಮಾತ್ರ ಯಾಕೆ ಉಳೀತು ಅನ್ನೋದಕ್ಕೆ ಉತ್ತರ ಸಿಕ್ಕ ಹಾಗಾಯ್ತಾ? ಹಾಗಂತ ಒಂದು ವಿಡಿಯೋದಲ್ಲಿ ಹೇಳಿದ್ರು. ಇದಕ್ಕೂ ನಮ್ಮ ಕೆಜಿಎಫ್ ಗಣಿಯಲ್ಲಿ ನಡೆದ ಪ್ರಯೋಗಕ್ಕೂ ಸಂಬಂಧ ಇದ್ಯಾ?
(ಓದುಗರು, ಬಂಗಾರಪೇಟೆ)

ಉತ್ತರ: ಉತ್ತರ ಸಿಕ್ಕಿಲ್ಲ, ಸಿಕ್ಕಿದೆ ಅಂತ ಹೇಳೋದು ಓದುಗರಿಗೆ ಮಾಡೋ ಅನ್ಯಾಯ. ಈಗ ವಿಶ್ವದಲ್ಲಿರೋ ಮ್ಯಾಟರ್ ಮತ್ತು ಬೆಳಕಿನ ಕಣಗಳ ಲೆಕ್ಕ ನೋಡಿದ್ರೆ ಶುರುವಿನಲ್ಲಿ ಸುಮಾರು ನೂರು ಕೋಟಿ ಪ್ರತಿಕಣಕ್ಕೆ ನೂರು ಕೋಟಿ ಮೇಲೊಂದು ಕಣ ಇತ್ತು ಅನ್ಸತ್ತೆ, ಉಳಿದಿದ್ದೆಲ್ಲ ಪರಸ್ಪರ ನಾಶವಾಗಿ ಆ ಒಂದೊಂದರಿಂದಲೇ ನಾವೆಲ್ಲ ಆಗಿರೋದು. ಆದ್ರೆ ಕೊಬಯಾಶಿ-ಮಸ್ಕಾವಾ ಫೇಸ್‌ನಿಂದ ಮಾತ್ರ ಲೆಕ್ಕ ಹಾಕಿದ್ರೆ ಆ ಒಂದಕ್ಕೂ ಸಾಕಾಗಲ್ಲ, ಕೋಟಿಗಟ್ಟಲೆ ಪಟ್ಟು ಕಮ್ಮಿ ಬೀಳತ್ತೆ. ಲ್ಯಾಂಬ್ಡಾ-ಬಿಯಲ್ಲಿ ಕಂಡ 2.45 ಪರ್ಸೆಂಟ್ ಆ ಹಳೇ ಫೇಸ್‌ನಿಂದಲೇ ಬರಬಹುದಾದ್ದು, ಹೊಸ ಭೌತಶಾಸ್ತ್ರ ಅಂತ ಹೇಳೋಕೆ ಆಧಾರ ಇಲ್ಲ. ಹಾಗಿದ್ರೂ ಬೇರೆ ಬೇರೆ ಕಣಗಳಲ್ಲಿ ಅಳೀತಾ ಹೋಗೋದು ಯಾಕೆ ಅಂದ್ರೆ, ಒಂದು ಫೇಸ್ ಎಲ್ಲಾ ಕಡೆ ಒಂದಕ್ಕೊಂದು ತಾಳೆ ಆಗಬೇಕು, ಎಲ್ಲಾದ್ರೂ ತಾಳೆ ತಪ್ಪಿದ್ರೆ ಅಲ್ಲಿ ಇನ್ನೇನೋ ಇದೆ ಅಂತ ಅರ್ಥ.

ಕೆಜಿಎಫ್ ಸಂಬಂಧ ನಿಜವಾಗ್ಲೂ ಇದೆ, ಕೇಳಿದ್ದು ಖುಷಿ ಆಯ್ತು. 1967ರಲ್ಲಿ ರಷ್ಯಾದ ಸಖರೋವ್ ಮ್ಯಾಟರ್ ಮಾತ್ರ ಉಳೀಬೇಕಾದ್ರೆ ಮೂರು ಷರತ್ತು ಬೇಕು ಅಂದ್ರು. ಬೇರಿಯಾನ್ ಸಂಖ್ಯೆ (ಬೇರಿಯಾನ್‌ಗಳಿಂದ ಅವುಗಳ ಪ್ರತಿಕಣಗಳನ್ನ ಕಳೆದ ಲೆಕ್ಕ) ಬದಲಾಗೋ ಪ್ರಕ್ರಿಯೆ ಇರಬೇಕು, ಚಾರ್ಜಿನ ಸಮತೆ ಮತ್ತು ಸಿಪಿ ಮುರೀಬೇಕು, ಆಗ ವಿಶ್ವ ಉಷ್ಣ ಸಮತೋಲನದಲ್ಲಿ ಇರಬಾರದು. ಕೊಲೈಡರ್‌ನವರು ಅಳೆಯೋದು ಎರಡನೇದನ್ನ. ಮೊದಲನೇದು ನಿಜವಾದ್ರೆ ಪ್ರೋಟಾನ್ ಕೂಡ ಯಾವತ್ತೋ ಒಂದು ದಿನ ಒಡೀಬಹುದು, ಅದನ್ನ ಹುಡುಕೋಕೇ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಜಪಾನಿನ ವಿಜ್ಞಾನಿಗಳ ಜೊತೆ 1980ರ ದಶಕದಲ್ಲಿ ಕೋಲಾರದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ಕಬ್ಬಿಣದ ಪದರಗಳ ದೊಡ್ಡ ಡಿಟೆಕ್ಟರ್ ಕಟ್ಟಿದ್ರು. ಕೆಲವು ಅನುಮಾನದ ಘಟನೆಗಳು ಕಂಡ್ವು, ಬೇರೆ ಪ್ರಯೋಗಗಳಲ್ಲಿ ಅದು ದೃಢ ಆಗಲಿಲ್ಲ. ಪ್ರೋಟಾನ್ ಒಡೆದಿದ್ದನ್ನ ಇವತ್ತಿನ ತನಕ ಯಾರೂ ಖಚಿತವಾಗಿ ನೋಡಿಲ್ಲ.

ಪ್ರಶ್ನೆ: ನಮ್ಮ ದೇಶದವರು ಇದ್ರಲ್ಲಿ ಇದ್ದಾರಾ? ನಮ್ಮಂಥೋರು ಮನೆಯಲ್ಲಿ ಕೂತು ಏನಾದ್ರೂ ಮಾಡಬಹುದಾ?
(ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಬೆಳಗಾವಿ)

ಉತ್ತರ: ಇದ್ದಾರೆ. ಬೆಲ್ ನಂತರ ಅದೇ ತ್ಸುಕುಬಾದಲ್ಲಿ ಈಗ ಓಡ್ತಿರೋ ಬೆಲ್-2ರಲ್ಲಿ ಟಿಐಎಫ್‌ಆರ್ ಮತ್ತೆ ಹಲವು ಐಐಟಿಗಳು ಸೇರ್ಕೊಂಡಿವೆ, ಒಡೆದ ಜಾಗ ಅಳೆಯೋ ಸಿಲಿಕಾನ್ ಡಿಟೆಕ್ಟರಿನ ಒಂದು ಪದರ ಜೋಡಿಸಿದ್ದು ಟಿಐಎಫ್‌ಆರ್ ತಂಡ.

ಮನೆಯಲ್ಲಿ ಮಾಡೋದಕ್ಕೆ ಸರ್ನ್‌ನ ಓಪನ್ ಡೇಟಾ ಪೋರ್ಟಲ್‌ಗೆ ಹೋಗಿ. ಅಲ್ಲಿ ಎಲ್‌ಎಚ್‌ಸಿಬಿಯ 2011ರ ನಿಜವಾದ ಡೇಟಾದಲ್ಲಿ ಚಾರ್ಜ್ ಇರೋ ಬಿ ಮೆಸಾನ್ ಮೂರು ಕಣವಾಗಿ ಒಡೆದಿರೋ ಫೈಲ್‌ಗಳನ್ನ ವಿದ್ಯಾರ್ಥಿಗಳಿಗೆ ಅಂತಲೇ ಬಿಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ, ಪೈಥಾನ್ ಬಂದ್ರೆ ಸಾಕು. ಮೂರೂ ಕೇಯಾನ್ ಅಂತ ಗುರುತಿಸಿದ ಘಟನೆಗಳನ್ನ ಆರಿಸಿ, ಅವುಗಳ ಶಕ್ತಿ, ಮೊಮೆಂಟಮ್‌ನಿಂದ ತಾಯಿ ಕಣದ ತೂಕ ಲೆಕ್ಕ ಹಾಕಿ, 5280 ಎಂಇವಿ (ಜಿಇವಿಯ ಸಾವಿರದಲ್ಲೊಂದು, ಕಣದ ತೂಕವನ್ನೂ ಇದ್ರಲ್ಲೇ ಹೇಳ್ತಾರೆ) ಹತ್ರ ದಿಬ್ಬ ಕಾಣತ್ತೆ, ಅದೇ ಬಿ. ಆಮೇಲೆ ಪಾಸಿಟಿವ್ ಬಿ ಎಷ್ಟು ನೆಗೆಟಿವ್ ಬಿ ಎಷ್ಟು ಎಣಿಸಿ, ಮೈಸೂರಿನವರಿಗೆ ಹೇಳಿದ ಸೂತ್ರ ಹಾಕಿ. ಮ್ಯಾಗ್ನೆಟ್ ಮೇಲ್ಮುಖ ಇದ್ದಾಗಿನದ್ದು, ಕೆಳಮುಖ ಇದ್ದಾಗಿನದ್ದು ಅಂತ ಎರಡು ಬೇರೆ ಫೈಲ್ ಕೊಟ್ಟಿದ್ದಾರೆ, ಎರಡರಲ್ಲೂ ಬೇರೆ ಬೇರೆ ಮಾಡಿ ಆಮೇಲೆ ಸೇರಿಸಿ ನೋಡಿ.